ಏಳು ತೂತಿನ ಗರಟೆ

"ರೀ ಮೇಡಮ್ಮರ, ನೀರ ಬಂದ್ ಮಾಡ್ರಿ! ನನ್ನ ಕೈಯಾಗ ವೈರ್ ಐತಿ!"

ಪ್ರತಿಭಾ ಬೆಚ್ಚಿಬಿದ್ದಳು. ಮಹಡಿಯ ಬಾಲ್ಕನಿಯಲ್ಲಿ ಬಗ್ಗಿ ನಿಂತು ಮೆಣಸಿನ ಸಸಿಗಳಿಗೆ ನೀರು ಹನಿಸುತ್ತಿದ್ದವಳಿಗೆ, ಎದುರಿಗೇ ಒಬ್ಬ ಮನುಷ್ಯ ಇದ್ದಾನೆಂಬ ಅಂದಾಜೇ ಇರಲಿಲ್ಲ.

ತಲೆ ಎತ್ತಿದಳು. ರಸ್ತೆ ಬದಿಯ ಕಂಬದ ಮೇಲೆ, ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕೆ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ನಿಂತಿದ್ದ ಲೈನ್‌ಮನ್. ಇಬ್ಬರ ನಡುವೆ ಎರಡು ಮಾರು ಗಾಳಿ, ನಾಲ್ಕು ತಂತಿ.

"ಲೈನ್ ಆಫ್ ಮಾಡದೇ ಹತ್ತಿದ್ದಾ ನೀವು?" ಅವಳು ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಳು.

"ಆಫ್ ಮಾಡೀನ್ರಿ."

"ಹಾಗಾದ್ರೆ ಎಂತಕ್ಕೆ ಕೂಗಿದ್ದು ಮಾರಾಯ್ರೆ?"

ಅವನು ತಲೆ ತಗ್ಗಿಸಿ ಇಕ್ಕಳವನ್ನು ತಿರುವತೊಡಗಿದ. ಕಿವಿ ಮಾತ್ರ ಕೆಂಪಾಗಿದ್ದವು. ಇಕ್ಕಳದ ಜೊತೆಗೇ ಮಾತಾಡುವವನಂತೆ ಹೇಳಿದ, "ಹಂಗ ನೀರ ಹಾಕಿದ್ರ ಗಿಡದ ಬಾಯಿ ಸೈತ ಒದ್ದಿ ಆಗಂಗಿಲ್ರಿ. ನಮ್ಮ ದಾಸನಕೊಪ್ಪದಾಗ ಕೊಡಗಟ್ಲೆ ಸುರೀತೀವಿ."

"ಸುರೀರಿ, ಸುರೀರಿ. ಸಸಿ ತೇಲಿ ಹಾವೇರಿ ಮುಟ್ಲಿ," ಎಂದಳು ಪ್ರತಿಭಾ.

ಅವನು ನಕ್ಕ. ಅವಳು ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಕ್ಕಳು… ಅದು ಆರು ವರ್ಷದ ಹಿಂದಿನ ಮಾತು.

ಆಗ ಪ್ರತಿಭಾಳಿಗೆ ಇಪ್ಪತ್ತಾರು. ಶಿರಸಿಯಲ್ಲಿ ಯಲ್ಲಾಪುರದ ರಸ್ತೆ ಹೊರಡುವ ನಾಕೆಯ ಹಿಂದಿನ ಓಣಿಯಲ್ಲಿ, ವೇದಕ್ಕನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ರವಿಕೆ ಹೊಲಿಯುವುದರಲ್ಲಿ ಒಳ್ಳೆಯ ಹೆಸರಿತ್ತು. ಹೊಲಿಗೆ ಮಶೀನಿನಿಂದ ಕತ್ತೆತ್ತಿದರೆ ಬಾಲ್ಕನಿ, ಬಾಲ್ಕನಿಯ ತುಂಬ ಕುಂಡ, ಡಬ್ಬಿ, ಒಡೆದ ಬಕೆಟ್ಟು. ಒಂದೊಂದರಲ್ಲೂ ಏನಾದರೊಂದು ಹಸಿರು. ವೇದಕ್ಕ ತಮಾಷೆ ಮಾಡುತ್ತಿದ್ದರು, "ನಿನ್ನ ಚಪ್ಪಲಿ ಹರಿದ್ರೆ ಅದ್ರಲ್ಲೂ ಒಂದು ಸಸಿ ನೆಡ್ತೆ ಬಿಡು."

ನೀರು ಹಾಕಲು ಅವಳ ಬಳಿ ಇದ್ದದ್ದು ಒಂದು ತೆಂಗಿನ ಗರಟೆ. ಅವಳ ಅವ್ವ ಚೌಡಮ್ಮ ಡಬ್ಬಣ ಕಾಯಿಸಿ ಅದರ ತಳಕ್ಕೆ ಏಳು ತೂತು ಚುಚ್ಚಿದ್ದಳು. ನೀರು ತುಂಬಿಸಿ ಹಿಡಿದರೆ ಏಳು ಸಣ್ಣ ಎಳೆಯಾಗಿ ಇಳಿಯುತ್ತಿತ್ತು. ನಿನ್ನೆ ಮೊಳೆತ ಸಸಿಯೂ ಆ ನೀರಿಗೆ ತಲೆ ಬಾಗಿಸುತ್ತಿರಲಿಲ್ಲ.

ಮತ್ತೊಂದಿತ್ತು, ಮೂಲೆಯ ಮಣ್ಣಿನ ಕುಂಡ. ಅದರಲ್ಲಿ ಅವ್ವನ ಡೇರೆ, ಪೇಟೆಯವರ ಬಾಯಲ್ಲಿ ಡೇಲಿಯಾ.

ಡೇರೆ ಹೂವಿನ ವಿಷಯ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಹೆಂಗಸರ ಮಾತೆಲ್ಲ ಅದರದ್ದೇ. ಅಂಗಡಿಯಲ್ಲಿ ಕೊಂಡ ಡೇರೆಗೆ ಮರ್ಯಾದೆ ಇಲ್ಲ. ಗಡ್ಡೆ ಒಬ್ಬರ ಮನೆಯಿಂದ ಒಬ್ಬರ ಮನೆಗೆ ಹೋಗಬೇಕು, ಕೊಟ್ಟವರ ಹೆಸರು ಅದರ ಜೊತೆಗೇ ಹೋಗಬೇಕು. ಹೆಗಡೆಕಟ್ಟಾ ಅತ್ತೆಯ ಹಳದಿ, ತ್ಯಾಗಲಿ ಅಕ್ಕನ ಬಿಳಿ… ಹೀಗೆ. ಕೇಳದೇ ತಂದ ಗಡ್ಡೆ ಇನ್ನೂ ಚೆನ್ನಾಗಿ ಬೇರು ಬಿಡುತ್ತದೆಂದು ಚೌಡಮ್ಮನ ನಂಬಿಕೆ. ಅದಕ್ಕೇ ಯಾರಾದರೂ ಅವಳ ಗಿಡದ ಬಳಿ ಆಸೆಗಣ್ಣಿನಿಂದ ನಿಂತರೆ, "ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು, ಅವರಿಗೆ ಗಡ್ಡೆ ಕೀಳಲು ಬಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಹಾಲೂ ಇರುತ್ತಿರಲಿಲ್ಲ, ಒಲೆಯೂ ಉರಿಯುತ್ತಿರಲಿಲ್ಲ.

ಅವಳ ಡೇರೆ ಕುಂಕುಮದ ಬಣ್ಣದ್ದು, ಎಸಳಿನ ತುದಿ ಮಾತ್ರ ಬಿಳಿ. ಅವರ ಊರು ನಿಲ್ಕುಂದ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಆದರೆ ಚೌಡಮ್ಮ ತೀರಿಕೊಂಡ ವರ್ಷ ಊರಿನ ಅಂಗಳಗಳಲ್ಲಿದ್ದ ಆ ಗಡ್ಡೆಗಳನ್ನೆಲ್ಲ ಕಾಡುಹಂದಿಗಳು ಮೆದ್ದು ಹೋದವು. ಉಳಿದದ್ದು ಒಂದೇ. ಅದನ್ನು ಪ್ರತಿಭಾ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿರಸಿಗೆ ತಂದಿದ್ದಳು.

ಆ ಲೈನ್‌ಮನ್ನನ ಹೆಸರು ನವೀನ. ಕಂಬದಿಂದ ಇಳಿದವನು ತಿಂಗಳೊಳಗೆ ವೇದಕ್ಕನ ಕೆಳಗಿನ ಕೋಣೆಗೆ ಬಾಡಿಗೆಗೆ ಬಂದ. ಕಾಕತಾಳೀಯ ಎಂದು ಅವನು ಹೇಳಿದ. ವೇದಕ್ಕ ನಂಬಲಿಲ್ಲ.

ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

"ಬರ್ಲೇನ್ರಿ? ನೀರ ಹಾಕೋದ ಕಲೀಬೇಕಾಗೇತಿ."

"ಕಂಬ ಹತ್ತೋರಿಗೆ ಇದೆಲ್ಲ ಎಂತಕ್ಕೆ?"

"ಕಲಿಸಂಗಿದ್ರ ಕಲಿಸ್ರಿ. ಇಲ್ಲಂದ್ರ ಇಳೀತೀನಿ."

ಅವನು ಇಳಿಯುವುದು ಅವಳಿಗೂ ಬೇಕಿರಲಿಲ್ಲ. ಗರಟೆಯನ್ನು ಅವನ ಕೈಗೆ ಕೊಟ್ಟಳು. ತಂತಿ ಎಳೆದೆಳೆದು ದಡ್ಡುಗಟ್ಟಿದ ಆ ಕೈಯಲ್ಲಿ ಗರಟೆ ಮೊದಲ ದಿನ ವಾಲಿ, ಅರ್ಧ ನೀರು ಅವನ ಪಾದದ ಮೇಲೇ ಬಿತ್ತು.

"ನೆತ್ತಿ ಮೇಲೆ ಹಾಕ್ಬಾರದು. ಬುಡದ ಸುತ್ತ… ಹಾಂ, ಸುತ್ತ ತಿರುಗಿಸ್ತಾ. ಒಂದೇ ಕಡೆ ಬಿದ್ರೆ ಮಣ್ಣು ಗುಳಿ ಬಿದ್ದು ಬೇರು ಹೊರಗೆ ಬರ್ತದೆ."

"ಎಷ್ಟ ಹಾಕ್ಬೇಕ್ರಿ?"

"ಅದನ್ನ ಗಿಡದ ಹತ್ರ ಕೇಳಿ. ಬೆರಳು ಹಾಕಿ ನೋಡಿ. ಎರಡನೇ ಗೆಣ್ಣಿನ ತನಕ ಮಣ್ಣು ಒಣಗಿದ್ರೆ ಮಾತ್ರ ನೀರು."

ಅವನು ಶ್ರದ್ಧೆಯಿಂದ ಬೆರಳು ಹಾಕಿ ನೋಡುತ್ತಿದ್ದ. ಒಂದು ಕುಂಡವನ್ನೂ ಬಿಡುತ್ತಿರಲಿಲ್ಲ. ಡ್ಯೂಟಿಯ ಮೇಲೆ ಹೋದಾಗಲೂ ಉಗುರಿನ ಸಂದಿಯಲ್ಲಿ ಮಣ್ಣು ಇರುತ್ತಿತ್ತು.

ಆ ಶ್ರಾವಣದಲ್ಲಿ ಅವ್ವನ ಡೇರೆ ಅರಳಿತು. ತಟ್ಟೆಯಷ್ಟು ಅಗಲದ ಹೂವು. ಪ್ರತಿಭಾ ಅದರ ಮುಂದೆ ಕೂತು ಅತ್ತಳು. ಯಾಕೆಂದು ಅವನು ಕೇಳಲಿಲ್ಲ. ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ತಾನೂ ಗೋಡೆಗೆ ಒರಗಿ ಕೂತ. ಆವತ್ತು ಡ್ಯೂಟಿಗೆ ಒಂದು ತಾಸು ತಡವಾಗಿ ಹೋದ.

'ಇವನ ಜೊತೆ ಸುಮ್ಮನೆ ಕೂರುವುದು ಎಷ್ಟು ಸುಲಭ…' ಎಂದುಕೊಂಡಳು ಪ್ರತಿಭಾ.

ಜನವರಿಯಲ್ಲಿ ನಿಲ್ಕುಂದದಿಂದ ಫೋನ್ ಬಂತು. ಅಣ್ಣ ರಾಘಣ್ಣನ ಹೆಂಡತಿ ಚೇತನಾಳಿಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆ ಜನ ಬೇಕಿತ್ತು. ಪ್ರತಿಭಾ ಗಡಿಬಿಡಿಯಲ್ಲಿ ಚೀಲ ತುಂಬಿಕೊಂಡಳು. ಬಾಲ್ಕನಿಯ ಕೀಲಿಯನ್ನು ನವೀನನ ಕೈಗಿಟ್ಟು ಹೇಳಿದಳು, "ಎಲ್ಲಾನೂ ನೋಡ್ಕಳಿ. ಆ ಮೂಲೆ ಕುಂಡ ಮಾತ್ರ ಎಲ್ಲದಕ್ಕಿಂತ ಹೆಚ್ಚು ನೋಡ್ಕಳಿ. ಅದು ಅವ್ವಂದು."

"ಜೀವಾ ಇಟ್ಟ ನೋಡ್ಕೋತೀನ್ರಿ. ಹೋಗಿ ಬರ್ರಿ."

ನಲವತ್ತು ದಿನ ಬಿಟ್ಟು ಅವಳು ತಿರುಗಿ ಬಂದಳು. ನಿಲ್ಕುಂದದಿಂದ ಶಿರಸಿಯವರೆಗೂ ಬಸ್ಸಿನ ಕಿಟಕಿಯ ಬಳಿ ಕೂತು ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದ್ದಳು. 'ನವೀನ್, ನಮ್ಮ ರಾಘಣ್ಣನ ಹತ್ರ ನಿಮ್ಮ ವಿಷಯ ಹೇಳಲಾ?' ಇಲ್ಲ, ಇದು ತೀರಾ ನೇರವಾಯ್ತು. 'ರಾಘಣ್ಣ ನಿಮ್ಮನ್ನ ನೋಡ್ಬೇಕಂತೆ…' ಹೂಂ, ಇದಾದೀತು.

ಮೆಟ್ಟಿಲು ಹತ್ತಿ ಬಾಲ್ಕನಿಯ ಬಾಗಿಲು ತೆರೆದಳು. ಗಿಡಗಳೆಲ್ಲ ನಳನಳಿಸುತ್ತಿದ್ದವು. ಮೂಲೆಯ ಕುಂಡ ಮಾತ್ರ…

ಮೇಲೆ ಕೆಸರು ಹೊಳೆಯುತ್ತಿತ್ತು. ಹುಳಿ ವಾಸನೆ. ಅವಳು ಚೀಲವನ್ನು ಅಲ್ಲೇ ಬಿಟ್ಟು ಕೈ ಹಾಕಿ ಮಣ್ಣು ಬಗೆದಳು. ಗಡ್ಡೆ ಬೆರಳಿಗೆ ಪಿಚಕ್ಕೆಂದು ಹತ್ತಿತು. ಕೊಳೆತುಹೋಗಿತ್ತು.

ನವೀನ ಹಿಂದೆಯೇ ಬಂದು ನಿಂತಿದ್ದ. ಮುಖದ ತುಂಬ ಖುಷಿ ಇತ್ತು. ಅವಳ ಕೈ ನೋಡಿದ ಮೇಲೆ ಖುಷಿ ಇಳಿಯಿತು.

"ಎಂತ ಮಾಡಿದ್ರಿ ಇದಕ್ಕೆ?"

"ದಿನಾ ಹಾಕೀನ್ರಿ… ಬೆರಳ ಇಟ್ಟ ನೋಡೇ ಹಾಕೀನಿ. ಎಲಿ ಎಲ್ಲಾ ಒಣಗಿದ್ವು. ಅಂಜಿಕಿ ಬಂತು. ಅದಕ ಸಂಜಿಗೂ ಎರಡ ಗರಟಿ…"

"ಡೇರೆ ಚಳಿಗಾಲದಲ್ಲಿ ಮಲಗ್ತದೆ. ಕೂಸುಗಳಿಗೂ ಗೊತ್ತಿರೋ ವಿಷಯ ಇದು. ಮಲಗಿದ ಗಡ್ಡೆಗೆ ನೀರು ಹಾಕ್ತಾರಾ ಯಾರಾದ್ರೂ?"

"ನಮ್ಮ ಕಡೆ ಡೇರೆ ಇಲ್ರಿ ಪ್ರತಿಭಾ. ನಂಗ…"

"ಅವ್ವಂದು ಅಂತ ನನ್ನ ಹತ್ರ ಇದ್ದಿದ್ದು ಇದೊಂದೇ!" ಅವಳು ಕೆಸರಿನ ಕೈಯಲ್ಲೇ ಬಾಗಿಲಿನತ್ತ ತೋರಿಸಿದಳು. "ಇನ್ನು ಈ ಮೆಟ್ಟಿಲು ಹತ್ತಬೇಡಿ ನೀವು."

ಅವನು ಕೀಲಿಯನ್ನು ಕಿಟಕಿಯ ಮೇಲಿಟ್ಟು ಇಳಿದುಹೋದ. ಪ್ರತಿಭಾ ಕುಂಡದ ಕೆಸರನ್ನೆಲ್ಲ ಹಿತ್ತಿಲ ಗೊಬ್ಬರದ ಗುಂಡಿಗೆ ಸುರಿದು ಬಂದು, ಅಡ್ಡ ಬಿದ್ದು ಅತ್ತಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಹಾಗೇ ಒಳಗೆ ಉಳಿಯಿತು.

ಹದಿನೈದು ದಿನಕ್ಕೆ ಅವನು ಯಲ್ಲಾಪುರಕ್ಕೆ ವರ್ಗ ಮಾಡಿಸಿಕೊಂಡು ಹೋದ. ಹೇಳಿ ಹೋಗಲಿಲ್ಲ. ಹೇಳಬೇಕೆಂದರೂ ಮೆಟ್ಟಿಲು ಹತ್ತುವ ಹಾಗಿರಲಿಲ್ಲವಲ್ಲ. ಬೆಳಿಗ್ಗೆ ಗಿಡಕ್ಕೆ ನೀರು ಹಾಕಲು ಹೋದರೆ, ಮೆಟ್ಟಿಲ ಬುಡದ ಮೊಳೆಗೆ ನೇತು ಹಾಕಿದ್ದ ಗರಟೆಯೂ ಇರಲಿಲ್ಲ.

'ಅವ್ವನ ಗರಟೆಯನ್ನೂ ಬಿಡಲಿಲ್ಲವಾ ಇವನು…'

ಆ ಸಿಟ್ಟು ಅವಳನ್ನು ಒಂದು ವರ್ಷ ಕಾಪಾಡಿತು ಎನ್ನಬೇಕು. ಸಿಟ್ಟಿರುವಷ್ಟು ದಿನ ನೆನಪು ಹೆಚ್ಚು ಕಾಡಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದಳು. ವೇದಕ್ಕನ ಮನೆ ಕೆಲಸಕ್ಕೆ ಬರುವ ತಿಮ್ಮಿಗೆ ಗಿಡಗಳನ್ನು ತೋರಿಸುತ್ತ ಹೇಳಿದಳು, "ಈ ವರ್ಷ ನೆಟ್ಟ ಬಿಳಿ ಡೇರೆಗೆ ಮಾತ್ರ ನೀರು ಬೇಡ ತಿಮ್ಮಿ. ಮಲಗಿದೆ. ಮಣ್ಣು ಒಣಗಿದ್ರೂ ಬೇಡ."

ಹೇಳಿದವಳು ಅಲ್ಲೇ ನಿಂತಳು.

ಈ ಮಾತನ್ನು ತಾನು ಅವನಿಗೆ ಹೇಳಿರಲಿಲ್ಲ. ಒಣಗಿದ್ದರೆ ನೀರು ಹಾಕಿ ಎಂದು ಕಲಿಸಿದ್ದು ತಾನು. ಎಲ್ಲದಕ್ಕಿಂತ ಹೆಚ್ಚು ನೋಡಿಕೊಳ್ಳಿ ಎಂದದ್ದೂ ತಾನೇ. ಅವನು ಎರಡನ್ನೂ ಚಾಚೂ ತಪ್ಪದೇ ಮಾಡಿದ್ದ…

"ಎಂತಾತು ಅಕ್ಕ? ಮೈ ಸರಿ ಇಲ್ವಾ?" ಎಂದಳು ತಿಮ್ಮಿ.

ಪ್ರತಿಭಾ ಅವತ್ತು ಊರಿಗೆ ಹೋಗಲಿಲ್ಲ. ಫೋನು ತೆಗೆದು ಅವನ ಹೆಸರಿನ ತನಕ ಬಂದಳು. ಏನೆಂದು ಹೇಳುವುದು? ಹೊರಗಟ್ಟಿದವಳು ಯಾವ ಮುಖ ಇಟ್ಟುಕೊಂಡು ಕರೆಯುವುದು? ಫೋನನ್ನು ಮಶೀನಿನ ಡ್ರಾವರಿಗೆ ಹಾಕಿ, ಯಾರದ್ದೋ ರವಿಕೆಗೆ ತೋಳು ಹಚ್ಚುತ್ತ ಕೂತಳು. ಎಡದ ತೋಳನ್ನು ಬಲಕ್ಕೆ ಹಚ್ಚಿದ್ದಳು. ಬಿಚ್ಚಿ ಮತ್ತೆ ಹಾಕಿದಳು.

ಆಮೇಲೆ ವರ್ಷಗಳು ಹೋದವು. ನಾಕೆಯಲ್ಲಿ ದಿನಕ್ಕೆ ಹತ್ತಾರು ಬಸ್ಸು ಯಲ್ಲಾಪುರದ ಬೋರ್ಡು ಹಾಕಿಕೊಂಡು ಹೋಗುತ್ತಿದ್ದವು. ಅವಳು ಬಾಲ್ಕನಿಯಿಂದ ಓದುತ್ತಿದ್ದಳು. ರಾಘಣ್ಣ ಮೂರು ಗಂಡು ತೋರಿಸಿದ. ಮೂವರೂ ಒಳ್ಳೆಯವರೇ. ಪ್ರತಿಭಾ ಮೂವರಿಗೂ ಬೇಡ ಎಂದಳು, ಕಾರಣ ಹೇಳಲಿಲ್ಲ. ಗಿಡಗಳಿಗೆ ಪೇಟೆಯ ಹಸಿರು ಝಾರಿಯಲ್ಲಿ ನೀರು ಹಾಕುತ್ತಿದ್ದಳು. ಅದರ ನೀರು ಸಸಿಗಳಿಗೆ ಸ್ವಲ್ಪ ಜೋರೇ.

ಮೊನ್ನೆ ಆಗಸ್ಟಿನ ಒಂದು ಶನಿವಾರ. ಯಲ್ಲಾಪುರದ ತಂಗಿಯ ಮನೆಗೆ ಹೋಗಿದ್ದ ವೇದಕ್ಕ ತಿರುಗಿ ಬಂದವರು, ಕೈಕಾಲೂ ತೊಳೆಯದೇ ಮೇಲೆ ಕೂಗಿದರು.

"ಪ್ರತಿಭಾ, ಇಳಿದು ಬಾರೆ. ಎಂತೋ ತಂದಿದ್ದಿ."

ಬಾಳೆಪಟ್ಟೆಯನ್ನು ಬಿಚ್ಚಿದರು. ಒಳಗೆ ಒಂದು ಡೇರೆ ಹೂವು. ತಟ್ಟೆಯಷ್ಟು ಅಗಲ. ಕುಂಕುಮದ ಬಣ್ಣ… ಎಸಳಿನ ತುದಿ ಮಾತ್ರ ಬಿಳಿ.

ಪ್ರತಿಭಾ ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಇಷ್ಟು ವರ್ಷದಲ್ಲಿ ಆನು ಇಂಥ ಡೇರೆನ ನಿನ್ನ ಕುಂಡದಲ್ಲಿ ಬಿಟ್ರೆ ಬೇರೆಲ್ಲೂ ನೋಡಿದ್ನಿಲ್ಲೆ," ಎಂದರು ವೇದಕ್ಕ. "ಯಾರ ಡೇರೆ ಇದು ಹೇಳಿ ತಂಗಿ ಹತ್ರ ಕೇಳಿದಿ. ಅದು ಎಂತ ಹೇಳ್ತು ಗೊತ್ತಿದ್ದಾ? 'ನಿಲ್ಕುಂದ ಚೌಡಮ್ಮನ ಡೇರೆ' ಅಡ."

"ಎಂತ ಹೇಳಿದ್ರಿ?"

"ಅವರ ಕೇರಿಲಿ ಎಂಟು ಮನೆಲಿ ಇದ್ದಡ. ಯಾರೋ ಲೈನ್‌ಮನ್ ಕೊಡ್ತಡ. ಕೊಡಕಾದ್ರೆ ಎರಡು ಮಾತು ಹೇಳ್ತಡ. ಒಂದು, ಹೆಸರು ಬಿಡಲಾಗ, ಯಾರು ಕೇಳಿದ್ರೂ ಚೌಡಮ್ಮನ ಡೇರೆ ಹೇಳವು. ಇನ್ನೊಂದು…" ವೇದಕ್ಕ ಅವಳ ಮುಖ ನೋಡಿ ದನಿ ತಗ್ಗಿಸಿದರು, "ಚಳಿಗಾಲದಲ್ಲಿ ನೀರು ಹಾಕಲಾಗ. ಮಲಗಿರ್ತು ಹೇಳಿ."

ನೀರು ಹಾಕಬಾರದು, ಮಲಗಿರುತ್ತದೆ ಎಂದು ನವೀನ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಪ್ರತಿಭಾ ಹೂವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವ್ವ ಹೋಗಿ ಎಂಟು ವರ್ಷ. ನಿಲ್ಕುಂದ ದಾಟಿ ಆಚೆ ಯಾರೂ ಹೇಳದ ಆ ಹೆಸರನ್ನು, ಗುರುತು ಪರಿಚಯ ಇಲ್ಲದ ಎಂಟು ಮನೆಯ ಹೆಂಗಸರು ಹೇಳುತ್ತಿದ್ದಾರೆ. ಅವಳು ಅಳುತ್ತಿದ್ದಳು, ಅಳುತ್ತಲೇ ಕೇಳಿದಳು, "ವೇದಕ್ಕ, ಬೆಳಿಗ್ಗೆ ಮೊದಲ ಬಸ್ಸು ಎಷ್ಟೊತ್ತಿಗೆ?"

ಮರುದಿನ ಮಂಚಿಕೇರಿ ದಾಟುವಾಗ ಮಳೆ ನಿಂತು ಹೊಳವಾಯಿತು. ಇಷ್ಟು ವರ್ಷ ಬೋರ್ಡು ಓದಿದ ದಾರಿ ಎರಡು ತಾಸಿನದೂ ಅಲ್ಲ ಎಂಬುದು ಅವಳಿಗೆ ಆವತ್ತೇ ಗೊತ್ತಾದದ್ದು. ಬಸ್ಸಿನಲ್ಲಿ ಈ ಸಲ ಮಾತೇನೂ ಜೋಡಿಸಲಿಲ್ಲ. ಜೋಡಿಸಿದ ಮಾತಿಗೆ ಏನಾಗುತ್ತದೆಂದು ನೋಡಿಯಾಗಿತ್ತು.

ವೇದಕ್ಕನ ತಂಗಿ ಹೇಳಿದ ಗುರುತಿನ ಮೇಲೆ ನಡೆದಳು. ಓಣಿಯ ಕೊನೆಯಲ್ಲಿ ಒಂದು ಕೋಣೆಯ ಹಂಚಿನ ಮನೆ. ಜಗುಲಿಯ ಉದ್ದಕ್ಕೂ ಪೇಂಟಿನ ಡಬ್ಬಿಗಳು, ಸೂರಿನ ನೀರು ತಾಗದಂತೆ ಒಳಕ್ಕೆ ಸರಿಸಿದ್ದವು. ಒಂದೊಂದರಲ್ಲೂ ತುದಿ ಚಿವುಟಿ ನೆಟ್ಟ ಡೇರೆಯ ಎಳೆ ಸಸಿ.

ನವೀನ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಡಬ್ಬಿಗೆ ಬೆರಳು ಇಳಿಸಿ, ಎರಡನೇ ಗೆಣ್ಣಿನ ತನಕ ನೋಡಿ, ಪಕ್ಕದ ಬಕೆಟ್ಟಿನಿಂದ ಗರಟೆಯಲ್ಲಿ ನೀರೆತ್ತಿಕೊಂಡ. ಏಳು ಎಳೆ ನೀರು ಸಸಿಯ ಬುಡದ ಸುತ್ತ ನಿಧಾನಕ್ಕೆ ತಿರುಗಿತು. ಒಂದು ಹನಿಯೂ ಪಾದದ ಮೇಲೆ ಬೀಳಲಿಲ್ಲ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು.

ಪ್ರತಿಭಾ ಅಂಗಳದ ಬೇಲಿಗಿದ್ದ ದಣಪೆಯ ಬಳಿ ನಿಂತಳು.

"ರೀ… ನೀರು ಬಂದ್ ಮಾಡಿ."

ಗರಟೆ ಹಾಗೇ ಗಾಳಿಯಲ್ಲಿ ನಿಂತಿತು. ಉಳಿದ ನೀರು ಸಣ್ಣಗೆ ಸೋರಿ ಮುಗಿಯಿತು. ಅವನು ಮೆಲ್ಲನೆ ತಿರುಗಿದ.

"ಪ್ರತಿಭಾ…" ಎದ್ದು ನಿಂತ. ಒದ್ದೆ ಕೈಯನ್ನು ಅಂಗಿಗೆ ಒರೆಸಿದ. "ಬರ್ರಿ. ಕುಂದರ್ರಿ… ಅಯ್ಯ, ಎಲ್ಲಿ ಕುಂದರ್ತೀರಿ, ಎಲ್ಲಾ ಮಣ್ಣ."

ಅವಳು ಮಣ್ಣಿನ ಜಗುಲಿಯ ಮೇಲೇ ಕೂತಳು.

"ಗಡ್ಡೆ ಎಲ್ಲಿ ಸಿಕ್ತು ನಿಮಗೆ? ನಾನು ಎಲ್ಲಾ ಚೆಲ್ಲಿದ್ದೆ."

"ಗೊಬ್ಬರದ ಗುಂಡ್ಯಾಗ ಹುಡುಕಿದೆ. ಎಲ್ಲಾ ಕೊಳತಿತ್ರಿ. ಒಂದ ತುಂಡ, ಕಿರುಬೆರಳಿನಷ್ಟ. ಅದಕ್ಕೊಂದ ಮೊಳಕಿ ಕಣ್ಣಿತ್ತು." ಅವನು ಅವಳ ಮುಖ ನೋಡಲಿಲ್ಲ. "ನಿಮಗ ಹೇಳಬೇಕಂದ್ರ, ಅದೂ ಸತ್ರ? ಇನ್ನೊಮ್ಮೆ ನಿಮ್ಮನ್ನ ಅಳಸಾಕ ಧೈರ್ಯ ಆಗ್ಲಿಲ್ಲ. ಅದಕ ಕೇಳದ ತಗೊಂಡ ಬಂದೆ. ಗರಟಿನೂ ಕೇಳದ ತಂದೆ. ಬ್ಯಾರೆದ್ರಲೆ ನೀರ ಹಾಕಾಕ ಅಂಜಿಕಿ ಬಂತು."

"ಹೂವು ಬಂದ ಮೇಲಾದ್ರೂ ಬರಬಹುದಿತ್ತಲ್ಲ."

"ಬಂದಿದ್ನಿ." ಅವನು ಗರಟೆಯನ್ನು ಕೈಯಲ್ಲಿ ತಿರುಗಿಸಿದ. "ಮೊದಲ ವರ್ಷ ಹೂವ ಬಿಡಲಿಲ್ಲ. ಎರಡನೇ ವರ್ಷ ಒಂದ ಬಿಡ್ತು. ಕುಂಡ ತಗೊಂಡ ನಿಮ್ಮ ನಾಕೆಗೆ ಬಂದೆ. ವೇದಕ್ಕನ ಮನಿ ಮುಂದ ಕಾರ್ ನಿಂತಿತ್ತು. ನಿಮ್ಮನ್ನ ನೋಡಾಕ ಗಂಡಿನ ಕಡೆಯವ್ರು ಬಂದಾರ ಅಂತ ಅಂಗಡ್ಯಾಗ ಅಂದ್ರು. ಹಂಗ ತಿರುಗಿ ಬಸ್ ಹತ್ತಿದೆ."

'ಕುಂಡ ತೊಡೆಯ ಮೇಲಿಟ್ಟುಕೊಂಡು…' ಎಂದುಕೊಂಡಳು ಪ್ರತಿಭಾ. ಕಣ್ಣು ತುಂಬಿದವು.

"ಆ ಗಂಡಿಗೆ ಬೇಡ ಅಂದೆ. ಆಮೇಲೆ ಬಂದ ಇಬ್ರಿಗೂ ಅಂದೆ."

ಅವನು ಈಗ ಅವಳತ್ತ ನೋಡಿದ.

"ನವೀನ್, ಡೇರೆ ಮಲಗ್ತದೆ ಅಂತ ನಾನು ನಿಮಗೆ ಹೇಳೇ ಇರಲಿಲ್ಲ. ಒಣಗಿದ್ರೆ ನೀರು ಹಾಕಿ ಅಂತ ಕಲಿಸಿದ್ದು ನಾನು. ತಪ್ಪು ನಂದು. ಅದು ಗೊತ್ತಾಗೋಕೆ ವರ್ಷ ಬೇಕಾಯ್ತು, ಹೇಳೋಕೆ ಇಷ್ಟು ವರ್ಷ ಬೇಕಾಯ್ತು."

"ನೀರ ಸುರದಾಂವ ನಾ ಅಲ್ರಿ?"

"ಸುರೀಲಿಲ್ಲ ನೀವು. ಗರಟೆಯಲ್ಲೇ ಹಾಕಿದ್ರಿ," ಎಂದಳು ಪ್ರತಿಭಾ. ಇಬ್ಬರಿಗೂ ನಗು ಬಂತು, ಅವಳಿಗೆ ಅಳುವೂ.

ಅವನು ಒಳಗೆ ಹೋಗಿ ಒಂದು ಮಣ್ಣಿನ ಕುಂಡ ತಂದ. ಅದರಲ್ಲಿದ್ದ ಗಿಡಕ್ಕೆ ಮೂರು ಹೂವು, ಕುಂಕುಮದ ಮೇಲೆ ಬಿಳಿ ಅಂಚು. "ಇದು ಆ ಕಿರುಬೆರಳಿನಷ್ಟ ಇದ್ದ ಗಡ್ಡಿರಿ. ಇದರ ಮರಿ ಎಲ್ಲಾರಿಗೂ ಕೊಟ್ಟೀನಿ. ಇದನ್ನ ಮಾತ್ರ ಯಾರಿಗೂ ಕೊಟ್ಟಿಲ್ಲ. ನಿಮ್ಮದ ನೀವ ತಗೊಂಡ ಹೋಗ್ರಿ."

ಪ್ರತಿಭಾ ಕುಂಡವನ್ನು ಮುಟ್ಟಿ ನೋಡಿದಳು. ಎಸಳಿಗೆ ಕೆನ್ನೆ ತಾಗಿಸಿದಳು. ಆಮೇಲೆ ಮೆಲ್ಲಗೆ ಅವನ ಕಡೆಗೇ ಸರಿಸಿದಳು.

"ಕೇಳದೇ ತಂದಿದ್ದಕ್ಕೇ ಇಷ್ಟು ಚೆನ್ನಾಗಿ ಬೇರು ಬಿಟ್ಟಿದೆ. ಅವ್ವ ಇದ್ದಿದ್ರೆ ಒಲೆ ಮೇಲೆ ಹಾಲಿದೆ ಅಂತ ಎದ್ದು ಹೋಗ್ತಿದ್ಲು. ಇದು ಇಲ್ಲೇ ಇರಲಿ."

"ಮತ್ತ ನೀವು?"

"ಕೇಳದೇ ತಗೊಂಡು ಹೋಗೋದು ಗಿಡಕ್ಕೆ ಮಾತ್ರ ನವೀನ್." ಅವಳು ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ನನ್ನನ್ನ ಕೇಳಬೇಕು."

ಅವನ ಕಿವಿ ಕೆಂಪಾದವು. ಆರು ವರ್ಷದ ಹಿಂದೆ ಕಂಬದ ಮೇಲೆ ಆಗಿದ್ದಷ್ಟೇ ಕೆಂಪು.

"ಕೇಳ್ಲೇನ್ರಿ?"

"ಹೂಂ."

"ನನ್ನ ಜೋಡಿ ಇರ್ತೀಯೇನ ಪ್ರತಿಭಾ?"

ಮೊದಲ ಸಲ ಏಕವಚನದಲ್ಲಿ ಕರೆದಿದ್ದ. ಅದನ್ನು ಅವಳು ಗಮನಿಸಿದಳು, ಗಮನಿಸಿದ್ದು ಅವನಿಗೂ ಕಾಣಿಸಿತು. ಉತ್ತರ ಕೊಡುವ ಮುಂಚೆ ಅವಳಿಗೆ ಒಂದು ಬಾಕಿ ವಿಷಯ ಇತ್ತು.

"ಅವತ್ತು ಲೈನ್ ಆಫ್ ಇತ್ತಲ್ಲ. ಎಂತಕ್ಕೆ ಹಾಗೆ ಕೂಗಿದ್ದು?"

ನವೀನ ಗರಟೆಯ ತೂತುಗಳನ್ನು ನೋಡುತ್ತ ಹೇಳಿದ, "ಹದಿನೈದ ನಿಮಿಷದಿಂದ ಕಂಬದ ಮ್ಯಾಲ ಸುಮ್ನ ನಿಂತಿದ್ನಿ. ನೀ ಒಂದೊಂದ ಸಸಿನೂ ಮಾತಾಡಸ್ಕೋತ ನೀರ ಹಾಕಾಕತ್ತಿದ್ದಿ. ನನ್ನ ಕಡೆ ಒಮ್ಮೆರ ನೋಡ್ಲಿ ಅಂತ ಕೂಗಿದೆ."

ಪ್ರತಿಭಾ ಅವನ ಕೈಯಿಂದ ಗರಟೆ ತೆಗೆದುಕೊಂಡಳು. ಬಕೆಟ್ಟಿನಲ್ಲಿ ಮುಳುಗಿಸಿ ಎತ್ತಿ, ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತಳು.

"ಇನ್ನೂ ಐದು ಡಬ್ಬಿ ಉಳಿದಿವೆ. ಬಾ, ಬೆರಳು ಹಾಕಿ ನೋಡು."

ಅವನು ಪಕ್ಕದಲ್ಲಿ ಕೂತು ಬೆರಳು ಇಳಿಸಿದ. "ಒಣಗೇತಿ," ಎಂದ.

"ಹಾಗಾದ್ರೆ ಹಾಕ್ತೀನಿ," ಎಂದಳು ಅವಳು.